ಕಂದು ದ್ವೀಪ, ಚಿಗವ್ವನ ಮಾಳಿಗೆ

ಕಣ್ಣಾರೆ ಕಾಣದ ಒಂದು ದ್ವೀಪದ ಮಳೆ ಹೇಳಿ ಹೊಟ್ಟೆ ಹೊರೆಯುವವಳು ನಾನು. ಅಟ್ಲಾಂಟಿಕ್ ಸಾಗರದಲ್ಲಿರುವ ಆ ದ್ವೀಪ ವರ್ಷದ ಹೆಚ್ಚಿನ ದಿನ ಒದ್ದೆಯಾಗಿಯೇ ಇರುತ್ತದೆ. ನಾಳೆ ನಲ್ಲಿಗೆ ನೀರು ಬರುತ್ತದೋ ಇಲ್ಲವೋ ಎಂದು ಯಾರೂ ಹೇಳಲಾರದ ಗದಗ-ಬೆಟಗೇರಿಯಲ್ಲಿ, ನೇಕಾರರ ಓಣಿಯ ಹಿಂದಿನ ಬಾಡಿಗೆ ಮನೆಯಲ್ಲಿ ಕೂತು, ಅಲ್ಲಿಯ ಮುಂದಿನ ಮೂರು ತಿಂಗಳು ಹೇಗಿರುತ್ತವೆ ಎಂದು ನಾನು ಬರೆಯುತ್ತೇನೆ. ಪಕ್ಕದ ಮನೆಯ ಮಗ್ಗದ ಸಪ್ಪಳ ಫೋನಿನಲ್ಲಿ ಕೇಳಿಸಿ, ಆ ಕಡೆಯವರು ಅದೇನು ಶಬ್ದ ಎಂದು ಎಷ್ಟೋ ಸಲ ಕೇಳಿದ್ದಾರೆ. ಮಳೆ ಎಂದು ಹೇಳಿಬಿಡೋಣ ಅನಿಸುತ್ತದೆ.

ಭೂಗೋಳ ಓದಿ, ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ ಎಂಬ ಹೆಸರಿನಲ್ಲಿ ವರ್ಷಗಟ್ಟಲೆ ಕತ್ತೆ ಚಾಕರಿ ಮಾಡಿದ ಮೇಲೆ ಸಿಕ್ಕ ಕೆಲಸ ಇದು. ಕೆಲಸ ಕೊಟ್ಟ ಕಂಪನಿ ಎಲ್ಲಿಯದು ಎಂದು ನನಗೂ ಸರಿಯಾಗಿ ಗೊತ್ತಿಲ್ಲ. ಸಮುದ್ರದ ನೀರು ಎಲ್ಲಿ ಬೆಚ್ಚಗಿದೆ, ಎಲ್ಲಿ ತಣ್ಣಗಿದೆ, ಮೇಲಿನ ಗಾಳಿ ಉತ್ತರಕ್ಕೆ ಸರಿದಿದೆಯೋ ದಕ್ಷಿಣಕ್ಕೋ ಎಂಬುದನ್ನೆಲ್ಲ ಹಾಕಿ ಕಂಪ್ಯೂಟರು ಒಂದೇ ಋತುವನ್ನು ಹತ್ತಾರು ರೀತಿಯಲ್ಲಿ ನಡೆಸಿ ನೋಡುತ್ತದೆ. ಅವುಗಳಲ್ಲಿ ಹೆಚ್ಚಿನವು ಯಾವ ಕಡೆ ವಾಲುತ್ತವೋ ಅದನ್ನು ನಾನು ಸಭ್ಯ ಇಂಗ್ಲಿಷಿನಲ್ಲಿ ಬರೆಯಬೇಕು. ವಾಡಿಕೆಗಿಂತ ಹೆಚ್ಚು ಮಳೆ ಎನ್ನುವ ಕಡೆ ನಕ್ಷೆಗೆ ನೀಲಿ ಬಣ್ಣ, ಕಡಿಮೆ ಎನ್ನುವ ಕಡೆ ಕಂದು. ಬರುತ್ತದೆ ಎಂದು ಬರೆದರೆ ಮೇಲಿನವರು ಹೊಡೆದು ಹಾಕಿ, ಬರುವ ಸಂಭವ ಹೆಚ್ಚು ಎಂದು ತಿದ್ದುತ್ತಾರೆ. ಯಾವುದನ್ನೂ ಗಟ್ಟಿಯಾಗಿ ಹೇಳದಿರುವುದಕ್ಕೇ ನನಗೆ ಸಂಬಳ.

ಆ ದ್ವೀಪದಲ್ಲಿ ಒಣ ಬೇಸಿಗೆ ಅಂದರೂ ಮಳೆ ನಿಲ್ಲುವುದಿಲ್ಲ. ದಿನ ಬಿಟ್ಟು ದಿನ ಹನಿಯುವ ಬೇಸಿಗೆಗೆ ಅಲ್ಲಿನವರು ಈ ಸಲ ಒಣಗಿಹೋದೆವು ಎಂದು ಗೋಳಾಡುತ್ತಾರೆ. ರೇನ್‌ಕೋಟು ಮಾರುವವರು, ಬಯಲಲ್ಲಿ ಮದುವೆ ಮಾಡಿಸುವವರು, ಹುಲ್ಲು ಕೊಯ್ದು ಒಣಗಿಸುವವರು, ಇಂಥವರಿಗೆ ನನ್ನ ಬರಹ ಹೋಗುತ್ತದೆ. ಅಲ್ಲಿ ವಾಡಿಕೆಗಿಂತ ಕಡಿಮೆ ಎನಿಸಿಕೊಳ್ಳುವ ಮಳೆ ನಮ್ಮ ಮುಂಡರಗಿ ಸೀಮೆಯ ಮೇಲೆ ಬಿದ್ದರೆ ಜನ ತೆಂಗಿನಕಾಯಿ ಒಡೆದಾರು. ಇದನ್ನು ನಾನು ಮನೆಯಲ್ಲಿ ನೂರು ಸಲ ಹೇಳಿದ್ದೇನೆ. ಯಾರ ತಲೆಗೂ ಹೋಗಲಿಲ್ಲ ಎಂದು ಆಗ ಅಂದುಕೊಂಡಿದ್ದೆ.

ಕೆಲಸದ ಸುದ್ದಿ ಹಬ್ಬಿದ ಮೇಲೆ ನನಗೆ ಓಣಿಯಲ್ಲಿ ನಡೆಯುವುದೇ ಕಷ್ಟವಾಯಿತು. ಅಸುಂಡಿಯಿಂದ ಹಾಲು ತರುವವನು ದಿನಾ ಲೀಟರಿನ ಜೊತೆ ಒಂದು ಪ್ರಶ್ನೆಯನ್ನೂ ಅಳೆಯುತ್ತಿದ್ದ. ಮಳೆ ಎಂದು ಬರುತ್ತದೆ? ನನಗೆ ಗೊತ್ತಿಲ್ಲ, ನಾನು ಬೇರೆ ದೇಶದ್ದನ್ನು ನೋಡುವವಳು ಎಂದರೆ ಅವನು ನಗುತ್ತಿದ್ದ. ಪರದೇಶದವರಿಗೆ ಹೇಳುವವಳಿಗೆ ಗದಗಿನದು ಹೇಳಲಿಕ್ಕೆ ಏನು ಧಾಡಿ ಎಂಬುದು ಅವನ ಲೆಕ್ಕ. ದೂರದ್ದು ಕಾಣುವವಳಿಗೆ ಹತ್ತಿರದ್ದು ಕಾಣಲೇಬೇಕು ಎಂದು ನಮ್ಮ ಕಡೆಯವರೆಲ್ಲ ನಂಬಿದ್ದರು. ಕಾಣುವುದಿಲ್ಲ ಎಂದು ನಾನು ಹೇಳಿದಷ್ಟೂ ಬಿಂಕ ಮಾಡುತ್ತಾಳೆ ಅನ್ನುತ್ತಿದ್ದರು.

ಇದೆಲ್ಲ ತಮಾಷೆಯಾಗಿಯೇ ಮುಗಿದುಹೋಗುತ್ತಿತ್ತೇನೋ, ನನ್ನ ಗಂಡ ಸುಮ್ಮನಿದ್ದಿದ್ದರೆ. ಆ ವರ್ಷ ಮೊದಲ ಬಾರಿಗೆ ದ್ವೀಪದ ಬೇಸಿಗೆಯ ಮುನ್ಸೂಚನೆಯ ಕೆಳಗೆ ನನ್ನ ಹೆಸರು ಅಚ್ಚಾಗಿತ್ತು. ನಕ್ಷೆಯಲ್ಲಿ ಇಡೀ ದ್ವೀಪ ಸುಟ್ಟ ರೊಟ್ಟಿಯ ಹಾಗೆ ಕಂದಾಗಿತ್ತು. ಮಳೆ ವಾಡಿಕೆಗಿಂತ ಕಡಿಮೆ ಆಗುವ ಸಂಭವ, ಋತುವಿನ ಮೊದಲರ್ಧ ಒಣ. ಗಂಡ ಹೆಮ್ಮೆಯಿಂದ ಅದರ ಫೋಟೋ ತೆಗೆದು, ನಮ್ಮ ಮನೆಯವಳ ಕೆಲಸ ನೋಡಿರಿ ಎಂದು ಬರೆದು, ಬೀಗರು ನೆಂಟರು ಎಲ್ಲ ಇರುವ ವಾಟ್ಸಾಪ್ ಗುಂಪಿಗೆ ಹಾಕಿದ. ಎಲ್ಲರೂ ಕೈ ಮುಗಿಯುವ ಚಿತ್ರ ಕಳಿಸಿದರು. ಒಬ್ಬರೂ ಓದಿರಲಿಲ್ಲ. ಓದಿದವನು ಒಬ್ಬನೇ, ಶಿರಹಟ್ಟಿಯ ನನ್ನ ಚಿಗವ್ವನ ಮಗ.

ಚಿಗವ್ವ ಅಂದರೆ ನನ್ನ ಅವ್ವನ ತಂಗಿ. ಹೈಸ್ಕೂಲಿನ ವರ್ಷಗಳನ್ನು ನಾನು ಕಳೆದದ್ದು ಶಿರಹಟ್ಟಿಯ ಅವಳ ಮನೆಯಲ್ಲಿ. ಚಿಗವ್ವ ಜೋಳದ ರೊಟ್ಟಿ ಬಡಿದು ಮಾರುವವಳು. ಬಿಸಿ ರೊಟ್ಟಿ ಖಾನಾವಳಿಗೆ, ಖಡಕ್ ರೊಟ್ಟಿ ಬುಟ್ಟಿಯಲ್ಲಿ ಕಟ್ಟಿ ಲಕ್ಷ್ಮೇಶ್ವರದ ಅಂಗಡಿಗಳಿಗೆ. ಬೆಳಗಾಗುವ ಮೊದಲೇ ಶುರುವಾಗುವ ಅವಳ ಕೈಯ ಸಪ್ಪಳಕ್ಕೇ ನಾನು ಏಳುತ್ತಿದ್ದೆ. ಆ ಒಲೆಯ ಪಕ್ಕದಲ್ಲಿ ಕೂತು ಓದಿದವಳು ನಾನು. ಮನೆ ಹಳೆಯ ನಮೂನೆಯದು. ದಪ್ಪ ಗೋಡೆ, ಮರದ ತೊಲೆ, ಮೇಲೆ ಸಪಾಟಾದ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಅಂಥ ತಂಪು ಬೇರೆಲ್ಲೂ ಇಲ್ಲ.

ಆ ತಂಪು ಪುಕ್ಕಟೆ ಸಿಗುವುದಲ್ಲ. ವರ್ಷವರ್ಷವೂ ರೋಹಿಣಿ ಮಳೆ ಹಿಡಿಯುವ ಮೊದಲು ಮಾಳಿಗೆಗೆ ಸವಳು ಮಣ್ಣು ಹಾಕಲೇಬೇಕು. ಊರ ಹೊರಗಿನ ತಗ್ಗಿನಲ್ಲಿ ಸಿಗುವ ಜಿಗುಟಾದ ಬಿಳಿಚು ಮಣ್ಣು ಅದು. ಬೇಸಿಗೆಯಲ್ಲಿ ಬಿಟ್ಟ ಬಿರುಕಿನಲ್ಲೆಲ್ಲ ಅದು ಕೂತುಕೊಂಡರೆ ನೀರು ಒಳಗೆ ಇಳಿಯುವುದಿಲ್ಲ. ಒಂದು ವರ್ಷ ತಪ್ಪಿಸಿದರೆ ತೊಲೆ ನೀರು ಕುಡಿಯುತ್ತದೆ. ನಾನಿದ್ದಾಗ ಆ ದಿನ ಮನೆಯಲ್ಲಿ ಹೋಳಿಗೆ. ಗೋಡೆ ಮಾಳಿಗೆ ಕೆಲಸದ ಗೌಂಡಿ ಮಣ್ಣು ತಂದು ಅಂಗಳದಲ್ಲಿ ಸುರಿಯುತ್ತಿದ್ದ, ಓಣಿಯ ಹೆಂಗಸರು ಬುಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು, ಹುಡುಗಿಯರಾದ ನಾವು ಮೇಲೆ ಹತ್ತಿ ತುಳಿಯುತ್ತಿದ್ದೆವು. ಎಲ್ಲ ಮುಗಿದ ಮೇಲೆ ಚಿಗವ್ವ ಒಬ್ಬಳೇ ಬರಿಗಾಲಲ್ಲಿ ಮೂಲೆಯಿಂದ ಮೂಲೆಗೆ ನಡೆದು ನೋಡುತ್ತಿದ್ದಳು. ಕಾಲಿಗೆ ಸಡಿಲು ಹತ್ತಿದ ಕಡೆ ನಿಂತು ನಮ್ಮನ್ನು ಬೈದು ಮತ್ತೆ ತುಳಿಸುತ್ತಿದ್ದಳು.

ನಕ್ಷೆ ಗುಂಪಿಗೆ ಬಿದ್ದ ಕೆಲವು ವಾರಗಳ ಮೇಲೆ ನಾನು ಶಿರಹಟ್ಟಿಗೆ ಹೋದೆ. ಬಿಸಿಲು ನೆತ್ತಿ ಸುಡುತ್ತಿತ್ತು, ಆದರೆ ಕಪ್ಪತಗುಡ್ಡದ ಕಡೆ ಸಂಜೆಸಂಜೆಗೆ ಮೋಡ ಕಟ್ಟಲು ಶುರುವಾಗಿತ್ತು. ಬಟ್ಟೆ ತೆಗೆಯಲು ಮಾಳಿಗೆ ಹತ್ತಿದರೆ ಹೋದ ವರ್ಷದ ಮಣ್ಣು ಹಾಗೆಯೇ ಇತ್ತು. ಬೆರಳು ತೂರುವಷ್ಟು ಬಿರುಕು. ಕೆಳಗಿಳಿದು ಬಂದು, ಇದೇನು ಚಿಗವ್ವ, ಇನ್ನೂ ಮಣ್ಣು ಹಾಕಿಸಿಲ್ಲವಲ್ಲ ಎಂದು ಕೇಳಿದೆ. ಅವಳು ಹಂಚಿನ ಮೇಲಿನ ರೊಟ್ಟಿ ತಿರುವುತ್ತ, ನನ್ನ ಕಡೆ ನೋಡದೆಯೇ ಹೇಳಿದಳು.

"ನೀನ ಬರದೀಯಲ್ಲ, ಈ ಸಲ ಮಳಿ ಹಿಂದಕ್ಕ ಹೋಗೈತಿ ಅಂತ. ತಮ್ಮ ಓದಿ ಹೇಳಿದಾ. ಏನ್ ಗಡಿಬಿಡಿ ಐತಿ?"

ನನಗೆ ಮೊದಲು ನಗು ಬಂತು, ಆಮೇಲೆ ಹೆದರಿಕೆಯಾಯಿತು. ಫೋನು ತೆಗೆದು ನಕ್ಷೆ ತೋರಿಸಿದೆ. ಇದು ಏಳು ಸಮುದ್ರದ ಆಚೆಯ ದ್ವೀಪ, ಇಲ್ಲಿಯ ಮಳೆಗೂ ಅಲ್ಲಿಯ ಮಳೆಗೂ ಸಂಬಂಧವಿಲ್ಲ, ಅಲ್ಲಿ ಒಣ ಎಂದರೂ ಮಳೆಯೇ ಎಂದು ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಹೇಳಿದೆ. ಚಿಗವ್ವ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಆ ಕಂದು ಬಣ್ಣದ ತುಂಡನ್ನು ಬಹಳ ಹೊತ್ತು ನೋಡಿದಳು. ಇದರಲ್ಲಿ ಶಿರಹಟ್ಟಿ ಎಲ್ಲಿದೆ ಎಂದು ಕೇಳಿದಳು. ಇಲ್ಲವೇ ಇಲ್ಲ ಎಂದೆ. ಅವಳು ಮಗನ ಮುಖ ನೋಡಿದಳು.

ಅವನು ಬಾಗಿಲಲ್ಲಿ ನಿಂತಿದ್ದ. ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲಿನ ಅಂಗಡಿ ಇಟ್ಟವನು, ಇಂಗ್ಲಿಷು ಓದಲು ಬರುತ್ತದೆ. ಅವನಿಗೆ ಎರಡು ಕಡೆ ಹೆಣ್ಣು ನೋಡಿ ಮಾತು ಮುರಿದಿತ್ತು. ಬಂದವರು ಚಹಾ ಕುಡಿದು, ತಲೆಯೆತ್ತಿ ಮಣ್ಣಿನ ಮಾಳಿಗೆ ನೋಡಿ, ಫೋನ್ ಮಾಡಿ ತಿಳಿಸುತ್ತೇವೆ ಎಂದು ಹೋದವರು ಮತ್ತೆ ಮಾತಾಡಿರಲಿಲ್ಲ. ಅವನು ನಕ್ಕು, ನನಗಲ್ಲ, ಅವಳಿಗೆ ಹೇಳಿದ.

"ಅಕ್ಕ ಹಂಗ ಅಂತಾಳವ್ವ. ಆಫೀಸಿನವರು ಹೊರಗ ಹೇಳಬ್ಯಾಡ ಅಂದಿರ್ತಾರ. ಅಕಿ ಕೆಲಸ ಹೋಗಬಾರದಲ್ಲ."

ಎಂಥ ಮಾತು ನೋಡಿ. ಇನ್ನು ನಾನು ಇಲ್ಲ ಅಂದರೂ ಅದು ಹೌದು ಎಂದೇ ಆಯಿತು. ಮೈಯೆಲ್ಲ ಉರಿದು, ನಿನ್ನ ತಲೆ, ಮಣ್ಣು ಹಾಕಿಸು ಅಂದರೆ ಹಾಕಿಸಬೇಕು ಎಂದು ಅವನ ಮೇಲೆ ಹರಿಹಾಯ್ದೆ. ಗೌಂಡಿಗೆ ನಾನೇ ಹೇಳಿ ಹೋಗುತ್ತೇನೆ ಎಂದೆ. ಅವನು ಬೇಡ ಅನ್ನಲಿಲ್ಲ. ಆತು ಬಿಡಕ್ಕ, ನಾನೇ ಹೇಳುತ್ತೇನೆ ಎಂದ. ಚಿಗವ್ವ ಒಲೆಗೆ ಕಟ್ಟಿಗೆ ಒತ್ತಿದಳು. ನನ್ನ ಬಾಯಿ ಮಾತಿಗಿಂತ ನನ್ನ ಹೆಸರಿನ ಕಾಗದಕ್ಕೆ ಅವಳು ಹೆಚ್ಚು ಬೆಲೆ ಕೊಟ್ಟಳಲ್ಲ ಎಂದು ಬಸ್ಸಿನಲ್ಲಿ ಇಡೀ ದಾರಿ ಹಲ್ಲು ಕಡಿದೆ.

ರೋಹಿಣಿ ಮಳೆ ಸರಿಯಾದ ಹೊತ್ತಿಗೆ ಬಂತು. ಬಂದದ್ದು ಹೋಗಲಿಲ್ಲ. ಬೆಟಗೇರಿಯ ನಮ್ಮ ಓಣಿಯಲ್ಲಿ ನೇಕಾರರು ಬೀದಿಯಲ್ಲಿ ಹಾಸಿ ಒಣಗಿಸಬೇಕಾದ ನೂಲನ್ನು ಒಳಗೇ ಇಟ್ಟುಕೊಂಡು ಆಕಾಶ ಬೈಯುತ್ತ ಕೂತರು. ನಾನು ಶಿರಹಟ್ಟಿಗೆ ಫೋನು ಮಾಡಿದರೆ ಅವನೇ ಎತ್ತುತ್ತಿದ್ದ. ಎಲ್ಲ ಆರಾಮ ಎನ್ನುತ್ತಿದ್ದ. ಮಣ್ಣು ಹಾಕಿಸಿದೆಯೇನೋ ಎಂದರೆ ಹೂಂ ಹೂಂ ಎಂದು ಇಟ್ಟುಬಿಡುತ್ತಿದ್ದ.

ಮಾಳಿಗೆ ಬಿದ್ದದ್ದು ಮಟಮಟ ಮಧ್ಯಾಹ್ನ, ಮಳೆ ನಿಂತು ಬಿಸಿಲು ಬಿದ್ದ ಮೇಲೆ. ನೀರು ಕುಡಿದ ತೊಲೆ ಅಡುಗೆಮನೆಯ ಮೇಲೆ ಮುರಿಯಿತು. ಚಿಗವ್ವ ಖಾನಾವಳಿಗೆ ರೊಟ್ಟಿ ಕೊಡಲು ಹೋಗಿದ್ದಳು, ಅದಕ್ಕೇ ಉಳಿದಳು. ಒಲೆ, ಹಂಚು, ಹಿಟ್ಟಿನ ಡಬ್ಬಿ, ಲಕ್ಷ್ಮೇಶ್ವರಕ್ಕೆ ಹೋಗಬೇಕಾಗಿದ್ದ ಖಡಕ್ ರೊಟ್ಟಿಯ ಬುಟ್ಟಿಗಳು ಎಲ್ಲ ಮಣ್ಣಿನಡಿಗೆ ಹೋದವು. ಆ ಹೊತ್ತಿಗೆ ನಾನು ದ್ವೀಪದ ಮುಂದಿನ ಮೂರು ತಿಂಗಳ ಮೇಲೆ ಕೂತಿದ್ದೆ. ಗಂಡ ಬಂದು ಸುದ್ದಿ ಹೇಳಿದಾಗ ಒಂದು ವಾಕ್ಯ ಅರ್ಧಕ್ಕೆ ನಿಂತಿತ್ತು. ಅದನ್ನು ಮುಗಿಸಿ ಕಳಿಸಿಯೇ ಎದ್ದೆ, ಕಳಿಸಲೇಬೇಕಿತ್ತು. ಆ ನೌಕರಿಯ ಮೇಲೆ ನನಗೆ ಅವತ್ತು ಬಂದ ಅಸಹ್ಯ ಇನ್ನೂ ಪೂರ್ತಿ ಹೋಗಿಲ್ಲ.

ಆಮೇಲೆ ಶುರುವಾದದ್ದು ನನ್ನ ಮರ್ಯಾದೆಯ ಹರಾಜು. ಶಿರಹಟ್ಟಿಯಿಂದ ಲಕ್ಷ್ಮೇಶ್ವರಕ್ಕೆ, ಅಲ್ಲಿಂದ ಮುಂಡರಗಿಗೆ ನೆಂಟರ ಬಾಯಲ್ಲಿ ಒಂದೇ ಖಬರು: ಇವಳು ಮಳೆ ತಡ ಎಂದು ಬರೆದಳು, ಪಾಪ, ಆ ಹೆಣ್ಣುಮಗಳು ನಂಬಿ ಮಾಳಿಗೆ ಕಳೆದುಕೊಂಡಳು. ಮುಂಡರಗಿಯಲ್ಲಿ ಬಸುರಿಯೊಬ್ಬಳ ಕುಬಸದ ಕಾರ್ಯಕ್ಕೆ ಹೋದರೆ, ಉಡಿ ತುಂಬುವ ಹೆಂಗಸರ ನಡುವಿನಿಂದ ಯಾರೋ, ಮಳಿ ಹೇಳಾಕಿ ಬಂದಳು, ಹಪ್ಪಳ ಒಳಗೆ ತಗೊಳ್ಳಿರಿ ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅದು ದ್ವೀಪದ ನಕ್ಷೆ ಎಂದು ಎದ್ದು ನಿಂತು ಹೇಳಬಹುದಿತ್ತು. ಹಿಂದೆ ಹೇಳಿದಾಗ ಕೇಳದವರು ಈಗ ಕೇಳುತ್ತಾರೆಯೇ? ತಪ್ಪಿಸಿಕೊಳ್ಳಲು ಸುಳ್ಳು ಹೇಳುತ್ತಾಳೆ ಅನ್ನುತ್ತಿದ್ದರು, ಅಷ್ಟೇ.

ನನ್ನನ್ನು ಹೆಚ್ಚು ಸುಟ್ಟದ್ದು ಆ ಜನರಲ್ಲ. ಚಿಗವ್ವ ತಾನೇ ಹಾಗೆ ಹೇಳಿಕೊಂಡು ತಿರುಗುತ್ತಿದ್ದಾಳೆ ಎಂಬುದು. ಅವಳ ಎದುರಿಗೆ ಕೂತು, ಫೋನು ತೋರಿಸಿ, ಇದರಲ್ಲಿ ನಮ್ಮೂರು ಇಲ್ಲವೇ ಇಲ್ಲ ಎಂದು ಹೇಳಿದ್ದೆನಲ್ಲ. ಅವಳೇ ಹೀಗೆ ಅಂದರೆ ನಾನು ಯಾರ ಮುಂದೆ ಹೋಗಲಿ?

ನಿಜ ಗೊತ್ತಾದದ್ದು ಲಕ್ಷ್ಮೇಶ್ವರದ ಬಸ್ ಸ್ಟ್ಯಾಂಡಿನಲ್ಲಿ. ಮೊದಲಿನಿಂದಲೂ ಚಿಗವ್ವನ ಮಾಳಿಗೆಗೆ ಮಣ್ಣು ಹಾಕುತ್ತಿದ್ದ ಮುಸಲ್ಮಾನರ ಗೌಂಡಿ ಅಲ್ಲಿ ಚಹಾ ಕುಡಿಯುತ್ತ ನಿಂತಿದ್ದ. ನನ್ನನ್ನು ಹುಡುಗಿಯಾಗಿದ್ದಾಗಿನಿಂದ ಬಲ್ಲವನು. ನಾನು ಸಿಟ್ಟಿನಲ್ಲಿಯೇ ಕೇಳಿದೆ, ಮಳೆಗೆ ಮೊದಲು ನೀವೇಕೆ ಬರಲಿಲ್ಲ ಎಂದು. ಅವನು ಮೊದಲು ಮಾತು ತೇಲಿಸಲು ನೋಡಿದ. ನಾನು ಬಿಡಲಿಲ್ಲ. ಕೊನೆಗೆ ಕಪ್ಪು ಕೆಳಗಿಟ್ಟು ಹೇಳಿದ.

"ಎರಡ ಸಲ ಟ್ರ್ಯಾಕ್ಟರ್ ತುಂಬಿಸ್ಕೊಂಡು ಬಂದಿದ್ದೆ ಅಕ್ಕಾರ. ನಿಮ್ಮ ತಮ್ಮ ಮನಿ ಮುಂದ ನಿಂತು ತಿರುಗಿಸಿ ಕಳಿಸಿದಾ. ಬಿದ್ರ ಬೀಳ್ಲಿ, ಬಿದ್ದ ಮನಿಗೆ ಸರಕಾರದಿಂದ ಸ್ಲ್ಯಾಬ್ ಮನಿ ಬರತೈತಿ ಅಂದಾ. ನಾ ಏನ್ ಹೇಳ್ಲಿ, ಮನಿ ಅವಂದು."

ಮಳೆಗೆ ಬಿದ್ದ ಮನೆಗಳನ್ನು ಅಳೆದು ಪರಿಹಾರ ಕೊಡುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಪೂರ್ತಿ ಬಿದ್ದರೆ ಹೊಸ ಮನೆ, ಅರ್ಧ ಬಿದ್ದರೆ ರಿಪೇರಿಗೆ ಏನೋ ಒಂದಿಷ್ಟು. ತಾನು ಬೀಳಿಸಿದೆ ಎನ್ನಿಸಿಕೊಳ್ಳದೆ ಮನೆ ಬೀಳಬೇಕಾಗಿತ್ತು ಅವನಿಗೆ. ಅದಕ್ಕೆ ನನ್ನ ಕಂದು ದ್ವೀಪ ಬೇಕಾಯಿತು. ಅವನಿಗೆ ನಕ್ಷೆ ಅರ್ಥವಾಗಿರಲಿಲ್ಲ ಎಂದು ನಾನು ತಿಳಿದಿದ್ದೆ. ಅವನಷ್ಟು ಚೆನ್ನಾಗಿ ನನ್ನ ಬರಹವನ್ನು ಯಾರೂ ಓದಿರಲಿಲ್ಲ.

ನೆಟ್ಟಗೆ ಶಿರಹಟ್ಟಿಯ ಬಸ್ಸು ಹತ್ತಿದೆ. ಅಳೆಯಲು ಬಂದವರು ಬಿದ್ದದ್ದು ಅಡುಗೆಮನೆಯಷ್ಟೇ, ಮುಂದಿನ ಪಡಸಾಲೆ ಗಟ್ಟಿಯಾಗಿದೆ ಎಂದು ಬರೆದುಕೊಂಡು ಹೋಗಿದ್ದರಂತೆ. ಸ್ಲ್ಯಾಬೂ ಬರಲಿಲ್ಲ, ಮನೆಯೂ ಉಳಿಯಲಿಲ್ಲ. ಹಿತ್ತಿಲಲ್ಲಿ ನಾಲ್ಕು ಕಂಬ ನೆಟ್ಟು ತಗಡು ಹೊದಿಸಿದ್ದರು. ಚಿಗವ್ವ ಅದರ ಕೆಳಗೆ ರೊಟ್ಟಿ ಬಡಿಯುತ್ತಿದ್ದಳು. ತಗಡಿನ ಕಾವು ಮೇಲಿನಿಂದ, ಒಲೆಯ ಕಾವು ಕೆಳಗಿನಿಂದ, ಮುಖ ಕೆಂಡವಾಗಿತ್ತು. ಮಗ ಅಂಗಡಿಯಲ್ಲಿದ್ದ. ನಾನು ಕೂರದೆ, ನೀರೂ ಕುಡಿಯದೆ, ಗೌಂಡಿ ಹೇಳಿದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ನಿನ್ನ ಮಗ ಬೇಕೆಂದೇ ಬೀಳಿಸಿದ, ಹೆಸರು ಕೆಟ್ಟದ್ದು ನನ್ನದು ಎಂದೆ.

ಚಿಗವ್ವನ ಕೈ ನಿಲ್ಲಲಿಲ್ಲ. ಆ ರೊಟ್ಟಿಯನ್ನು ಬಡಿದು, ಹಂಚಿಗೆ ಹಾಕಿ, ನೀರು ಸವರಿ, ಆಮೇಲೆ ಮಾತಾಡಿದಳು.

"ನನಗ ಗೊತ್ತಿಲ್ಲಂತ ತಿಳದೀ ಏನು? ಟ್ರ್ಯಾಕ್ಟರ್ ಬಂದು ತಿರುಗಿ ಹೋಗಿದ್ದು ಒಳಗ ಕೇಳಸ್ತೈತಿ. ನೀ ಫೋನ್ ತೋರ್ಸಿದಾಗ ನಾ ಹೂಂ ಅಂದಿದ್ರ, ಮಗನ ಎದುರು ನಿಂತಂಗ ಆಗತಿತ್ತು."

ಹಾಗಾದರೆ ನನ್ನ ಹೆಸರು ಯಾಕೆ ಹೇಳಿದೆ ಎಂದು ಕೇಳಿದೆ. ಅವಳು ಮೊದಲ ಸಲ ತಲೆಯೆತ್ತಿ ನನ್ನ ಮುಖ ನೋಡಿದಳು.

"ನಿನ್ನ ಮ್ಯಾಲೆ ಹಾಕಿದ್ರ ನೀ ನಾಕ ದಿನ ಸಿಟ್ಟಾಗಿ ಮತ್ತ ಬರ್ತಿ ಯವ್ವಾ. ಅವನ ಮ್ಯಾಲೆ ಹಾಕಿದ್ರ, ಈ ಕೈ ಸೋತ ಮ್ಯಾಲೆ ನಾ ಯಾರ ಮನ್ಯಾಗ ಉಣ್ಲಿ?"

ನನಗೆ ಅಳು ಬರಲಿಲ್ಲ. ಅವಳ ಮೇಲೂ ಸಿಟ್ಟೇ ಬಂತು, ಈಗಲೂ ಇದೆ. ನನ್ನ ಪ್ರೀತಿಯನ್ನು ಅವಳು ಸರಿಯಾಗಿಯೇ ಅಂದಾಜು ಮಾಡಿದ್ದಳು, ಅದು ಎಷ್ಟು ಭಾರ ತಾಳುತ್ತದೆ ಎಂದು ನೋಡಿಯೇ ಹೇರಿದ್ದಳು. ಮಗನ ಪ್ರೀತಿಯನ್ನೂ ಅಂದಾಜು ಮಾಡಿದ್ದಳು, ಅದು ತಾಳದು ಎಂದು ಅವಳಿಗೆ ಗೊತ್ತಿತ್ತು. ನನ್ನ ಹಾಗೆ ಸಂಭವ ಗಿಂಭವ ಎಂಬ ಮಾತು ಅವಳಲ್ಲಿರಲಿಲ್ಲ. ಎದ್ದು ಹೋಗಿಬಿಡೋಣ, ಮತ್ತೆ ಈ ಕಡೆ ತಲೆ ಹಾಕುವುದು ಬೇಡ ಎಂದು ಚೀಲ ಕೈಗೆ ತೆಗೆದುಕೊಂಡೆ.

ಅಷ್ಟರಲ್ಲಿ ಮಗ ಊಟಕ್ಕೆ ಬಂದ. ಅವನ ಹಿಂದೆಯೇ ಹೊಸ ಬೀಗತನದ ಮಾತು ನಡೆಸುತ್ತಿದ್ದ ಹೆಂಗಸೊಬ್ಬಳು ಬಂದಳು. ಅವಳು ಲಕ್ಷ್ಮೇಶ್ವರದವಳು, ಹುಡುಗಿಯ ಕಡೆಯಿಂದ ಮನೆ ನೋಡಿಕೊಂಡು ಹೋಗಲು ಬಂದವಳು. ಬಿದ್ದ ಗೋಡೆಯನ್ನು, ತಗಡನ್ನು, ಮಣ್ಣಿನ ಗುಡ್ಡೆಯನ್ನು ಸುತ್ತು ಹಾಕಿ ನೋಡಿ, ದುಡಿಯುವ ಮಗನಿದ್ದೂ ಹೀಗೇಕೆ ಬಿಟ್ಟಿರಿ ಎಂದು ಕೇಳಿದಳು. ಅವನು ಫೋನು ನೋಡತೊಡಗಿದ. ಚಿಗವ್ವ ಹಿಟ್ಟಿನ ಕೈಯನ್ನು ನನ್ನ ಕಡೆ ತೋರಿಸಿ, ನನ್ನ ಅಕ್ಕನ ಮಗಳು, ಮಳೆ ತಡ ಎಂದು ಹೇಳಿದ್ದಳು, ಅದಕ್ಕೇ ನಾವು ಮಣ್ಣು ಹಾಕಲಿಲ್ಲ ಎಂದಳು.

ಆ ಹೆಂಗಸು ನನ್ನ ಕಡೆ ತಿರುಗಿದಳು. ಖರೇನೇ ಎಂದು ಕೇಳಿದಳು. ಚಿಗವ್ವ ಹಂಚಿನ ಮೇಲಿನ ರೊಟ್ಟಿಯನ್ನು ತಿರುವದೆ ಹಾಗೇ ಬಿಟ್ಟು ನನ್ನನ್ನೇ ನೋಡುತ್ತಿದ್ದಳು. ರೊಟ್ಟಿ ಸೀದ ವಾಸನೆ ಬರತೊಡಗಿತು.

"ಹೂಂ ರೀ," ಅಂದೆ. "ನಾನ ಹೇಳಿದ್ದೆ."